ಕೆಂಪವ್ವ ಹತ್ತಿದ ಹುಲ್ಲಿನ ಮಷೀನು

ಕಿತ್ತೂರಿಗೂ ಬೈಲಹೊಂಗಲಕ್ಕೂ ನಡುವೆ ಇದ್ದ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಗಂಡ ಕೆಮಿಸ್ಟ್ ಆಗಿದ್ದರು. ಮದುವೆಯಾಗಿ ನಾನು ಆ ಕಾಲೊನಿಗೆ ಬಂದದ್ದು ಎಪ್ಪತ್ತೆರಡರಲ್ಲಿ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತರೆ ಎದುರಿಗೇ ಗೆಸ್ಟ್ ಹೌಸು, ಅದರ ಮುಂದೆ ಹರವಾದ ಹುಲ್ಲುಹಾಸು. ಸುತ್ತ ಕಬ್ಬು, ಜೋಳ, ಹತ್ತಿ ಬೆಳೆಯುವ ಸೀಮೆ. ಅದರ ನಡುವೆ ಬರೀ ಹುಲ್ಲಿಗೆ ನೀರು ಹಾಯಿಸಿ, ಗೊಬ್ಬರ ಹಾಕಿ, ಬೆಳೆದ ಮೇಲೆ ಮತ್ತೆ ಕತ್ತರಿಸುವುದನ್ನು ಕಂಡು ಕಬ್ಬಿನ ಗಾಡಿಯವರು ನಿಂತು ನಗುತ್ತಿದ್ದರು.

ಆ ಹುಲ್ಲು ಕತ್ತರಿಸುವವಳು ಕೆಂಪವ್ವ. ಐವತ್ತರ ಆಸುಪಾಸಿನ ಹೆಂಗಸು, ಎತ್ತರದ ಆಳು, ಹಣೆಯ ತುಂಬ ಹಚ್ಚೆ. ಮೊದಲು ಈ ಕೆಲಸ ಅವಳ ಗಂಡನದಾಗಿತ್ತು. ಆತ ತೀರಿಕೊಂಡ ಮೇಲೆ ತಾನೇ ಮಾಡುತ್ತೇನೆಂದು ಮುಂದೆ ಬಂದಿದ್ದಳು. ಅವಳ ಜೊತೆಗಾರ ಹಂಡ್ಯಾ ಎಂಬ ಕಾರ್ಖಾನೆಯ ಎತ್ತು, ಮೈತುಂಬ ಕಪ್ಪು ಬಿಳುಪು ಪಟ್ಟೆ. ಚಕ್ಕಡಿಗೆ ಹೂಡುವಂತೆ ಹಂಡ್ಯಾನನ್ನು ಕಬ್ಬಿಣದ ಕತ್ತರಿ ಯಂತ್ರವೊಂದಕ್ಕೆ ಹೂಡುತ್ತಿದ್ದರು. ಎತ್ತು ಜಗ್ಗಿದರೆ ಉರುಳೆಯ ಸುತ್ತಲಿನ ಬ್ಲೇಡು ತಿರುಗಿ, ಕತ್ತರಿಸಿದ ಹುಲ್ಲು ಹಿಂದಿನ ಡಬ್ಬಿಗೆ ಬೀಳುತ್ತಿತ್ತು. ಗೊರಸಿನಿಂದ ಹಾಸು ಕೆಡಬಾರದೆಂದು ಹಂಡ್ಯಾನ ನಾಲ್ಕೂ ಕಾಲಿಗೆ ಚರ್ಮದ ಬೂಟು. ಮೊದಲ ದಿನ ಅದನ್ನು ಕಂಡು ನಾನು ನಕ್ಕದ್ದು ಕೆಂಪವ್ವನಿಗೆ ಕೇಳಿಸಿತ್ತು.

"ನಗಬ್ಯಾಡ್ರಿ ಅಕ್ಕಾರ," ಎಂದಳು ನಿಂತು. "ನನ್ನ ಕಾಲಾಗ ಕೆರ ಇಲ್ಲ, ಇವಗ ಬೂಟ ಅದಾವು. ಇಬ್ರೊಳಗ ಸಾಹೇಬ ಯಾಂವ ಅಂತ ಗೊತ್ತಾತಿಲ್ಲೋ?"

ಅಂದಿನಿಂದ ನಮ್ಮಿಬ್ಬರಿಗೂ ಸ್ನೇಹ. ಬಿಸಿಲು ಏರಿದಾಗ ನಮ್ಮ ಕಟ್ಟೆಗೆ ಬಂದು ಕೂತು ಚಹಾ ಕುಡಿಯುತ್ತಿದ್ದಳು. ಡಬ್ಬಿಯ ಹುಲ್ಲನ್ನು ಗಂಟು ಕಟ್ಟಿ ಮನೆಗೆ ಒಯ್ಯಲು ಅವಳಿಗೆ ಪರವಾನಗಿ ಇತ್ತು. ಮನೆಯಲ್ಲಿ ಎಮ್ಮೆ ಇತ್ತು, ಎಮ್ಮೆಗಿಂತ ಹೆಚ್ಚು ಹಟದ ಸೊಸೆ ಪದ್ಮವ್ವ ಇದ್ದಳು. ಇದು ಕೆಂಪವ್ವನದೇ ಮಾತು. ಹೇಳುವಾಗ ಮುಖದಲ್ಲಿ ಪ್ರೀತಿ ಇರುತ್ತಿತ್ತು.

ಎಪ್ಪತ್ನಾಲ್ಕರ ಶ್ರಾವಣದಲ್ಲಿ ಸುದ್ದಿ ಬಂತು. ಬೆಳಗಾವಿ ಹತ್ತಿರ ಯಾವುದೋ ಕೆಲಸಕ್ಕೆ ಬಂದಿದ್ದ ಪರದೇಶದ ಎಂಜಿನಿಯರುಗಳು ತಮ್ಮೂರಿಗೆ ಹೊರಟು, ತಮ್ಮ ಬಂಗಲೆಯ ಸಾಮಾನನ್ನೆಲ್ಲ ಮಾರಿದ್ದರಂತೆ. ಅದರಲ್ಲಿ ಹುಲ್ಲು ಕತ್ತರಿಸುವ ಒಂದು ಮಷೀನು. ಕುರ್ಚಿಯ ಹಾಗೆ ಮೇಲೆ ಕೂತು, ಮೋಟಾರಿನ ಹಾಗೆ ಚಕ್ರ ತಿರುವಿ ಓಡಿಸುವಂಥದು. ಅದನ್ನು ಕೊಂಡ ಬೆಳಗಾವಿಯ ವ್ಯಾಪಾರಿ ನಮ್ಮ ಕಾರ್ಖಾನೆಯ ಚೇರಮನ್ನರಿಗೆ ಹೇಳಿಕಳಿಸಿದ್ದ: ವಾರ ಕಾಲ ಇಟ್ಟುಕೊಂಡು ನೋಡಿರಿ, ಮನಸ್ಸಿಗೆ ಬಂದರೆ ಕೊಳ್ಳಿರಿ.

ಕಾಲೊನಿಯೆಲ್ಲ ಕೆಂಪವ್ವನಿಗಾಗಿ ಮರುಗಿತು. ಎಲ್ಲರಿಗಿಂತ ಹೆಚ್ಚು ಮರುಗಿದವರು ತೋಟದ ಮೇಲ್ವಿಚಾರಕ ಬಸಯ್ಯನವರು. ಮೆತ್ತನೆಯ ಮನಸ್ಸಿನ ಮುದುಕರು, ಗುಲಾಬಿ ಗಿಡದ ಟೊಂಗೆ ಕತ್ತರಿಸುವಾಗಲೂ "ಶಿವಾ ಶಿವಾ" ಅನ್ನುವವರು. ಅವರು ನಮ್ಮ ಕಟ್ಟೆಯ ಬಳಿಗೇ ಬಂದು ಕೆಂಪವ್ವನಿಗೆ ಧೈರ್ಯ ಹೇಳಿದರು.

"ನೀ ಏನೂ ಚಿಂತಿ ಮಾಡಬ್ಯಾಡ ತಂಗಿ. ನಾ ಇರೂತನಕ ಆ ಭೂತಾನ್ನ ಗೇಟಿನ ಒಳಗ ಬಿಡೂದಿಲ್ಲ. ನಿನ್ನ ಕೆಲಸಾನೂ ಹೋಗೂದಿಲ್ಲ, ಹಂಡ್ಯಾನೂ ಹೋಗೂದಿಲ್ಲ."

ಕೆಂಪವ್ವ ಬಸಿಯಲ್ಲಿ ಚಹಾ ಆರಿಸುತ್ತ ಸುಮ್ಮನೆ ಕೂತಿದ್ದಳು. ನಮಗದು ದುಃಖದಂತೆ ಕಂಡಿತು. ನಾನೂ ಏನೋ ಸಮಾಧಾನದ ಮಾತು ಆಡಿದೆ. ಬಸಯ್ಯನವರು ಹೋದ ಮೇಲೆ ಅವಳು ತಲೆ ಎತ್ತಿ ಕೇಳಿದಳು:

"ಅಕ್ಕಾರ, ಅದರ ಮ್ಯಾಲ ಕುಂದ್ರಾಕ ಗಾದಿ ಇರತೈತೋ, ಬರೇ ತಗಡೋ?"

ನನಗೆ ಗೊತ್ತಿಲ್ಲವೆಂದೆ.

ಬಸಯ್ಯನವರು ಅಡ್ಡ ನಿಂತರೂ ಮಷೀನು ಬಂತು. ಲಾರಿಯಿಂದ ಹಲಗೆ ಇಳಿಬಿಟ್ಟು ಇಳಿಸಿದರು. ಕೆಂಪು ಬಣ್ಣ, ಹಳದಿ ಗಾದಿ, ಸಣ್ಣ ನಾಲ್ಕು ಗಾಲಿ, ಹೊಟ್ಟೆಯ ಕೆಳಗೆ ತಿರುಗುವ ಬ್ಲೇಡು. ಟ್ರ್ಯಾಕ್ಟರಿನ ಕೂಸಿನ ಹಾಗೆ ಕಾಣುತ್ತಿತ್ತು. ಓಡಿಸಿ ತೋರಿಸುವ ಕೆಲಸ ಯಾಕೂಬಸಾಬನದು. ಕಾರ್ಖಾನೆಯ ಟ್ರ್ಯಾಕ್ಟರುಗಳನ್ನು ಓಡಿಸುವವನೂ ಅವನೇ, ರಿಪೇರಿ ಮಾಡುವವನೂ ಅವನೇ. ವ್ಯಾಪಾರಿಯ ಕಡೆಯವನು ಹೇಳಿಕೊಟ್ಟದ್ದನ್ನು ಒಂದೇ ಸಲಕ್ಕೆ ಹಿಡಿದು, ಹಗ್ಗ ಜಗ್ಗಿ ಎಂಜಿನ್ನು ಶುರು ಮಾಡಿ, ಮೀಸೆ ತಿರುವುತ್ತ ಹತ್ತಿ ಕೂತ. ನಾವೆಲ್ಲ ಬೇವಿನ ಮರದ ಕೆಳಗೆ ನಿಂತಿದ್ದೆವು. ಹಂಡ್ಯಾ ಸದ್ದಿಗೆ ಒಮ್ಮೆ ಕಿವಿ ನಿಗುರಿಸಿದ, ಆಮೇಲೆ ಮೆಲುಕಾಡತೊಡಗಿದ.

ಮಷೀನು ಹೋದಲ್ಲೆಲ್ಲ ಹುಲ್ಲು ಕೂದಲು ತೆಗೆದ ತಲೆಯಂತೆ ನುಣ್ಣಗಾಗುತ್ತಿತ್ತು. ಎತ್ತು ಮುಂಜಾನೆಯೆಲ್ಲ ಎಳೆದು ಮುಗಿಸುವಷ್ಟನ್ನು ಯಾಕೂಬಸಾಬ ನೋಡನೋಡುತ್ತಿದ್ದಂತೆ ಮುಗಿಸಿ ತಂದು ನಿಲ್ಲಿಸಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಕೆಂಪವ್ವನ ಮುಖ ನೋಡುತ್ತಿದ್ದೆವು. ಬಸಯ್ಯನವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡರು.

ಕೆಂಪವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಹೋದಳು. "ಯಾಕೂಬಾ, ಸ್ವಲ್ಪ ಇಳೀಪಾ."

"ಯಾಕ ಕೆಂಪಕ್ಕಾ?"

"ನಾ ಕುಂದ್ರಾಕಿ."

ಯಾಕೂಬಸಾಬ ಚೇರಮನ್ನರ ಕಡೆ ನೋಡಿದ. ಅವರು ನಗುತ್ತ ಕೈ ಮಾಡಿದರು. ಅವಳು ಕೂತರೆ ಸಾಕಲ್ಲ, ಕೂತು ಇಳಿಯಲಿ ಎಂದು ಅವರ ಎಣಿಕೆ. ಕೆಂಪವ್ವ ಹತ್ತಿ ಕೂತಳು. ಗಾದಿಯನ್ನು ಅಂಗೈಯಿಂದ ಒತ್ತಿ ನೋಡಿದಳು. ಎಂಜಿನ್ನು ಇನ್ನೂ ಬಂದ್ ಆಗಿರಲಿಲ್ಲ. ಯಾಕೂಬಸಾಬ ಯಾವುದು ಏನು ಎಂದು ತೋರಿಸುತ್ತಿದ್ದ ಹಾಗೆಯೇ ಅವಳು ಹಿಡಿಕೆಯನ್ನು ಮುಂದಕ್ಕೆ ದೂಡಿಬಿಟ್ಟಳು. ಮಷೀನು ಹೊರಟಿತು.

ಧ್ವಜದ ಕಂಬ ಸುತ್ತಿ ತಿರುಗಿದಾಗ ಅವಳ ನಗು ಕೇಳಿಸಿತು. ಎಂಥ ನಗು ಅದು! ಎಂಜಿನ್ನಿನ ಸದ್ದನ್ನೂ ಮೀರಿಸಿ, ಹೊಟ್ಟೆಯಿಂದ ಎದ್ದು ಬರುವ, ಜೋಕಾಲಿಯ ಮೇಲೆ ಕೂತ ಹುಡುಗಿಯ ನಗು. ಸಿಕ್ಕಿಸಿದ್ದ ಸೆರಗು ಬಿಚ್ಚಿ ಹಾರುತ್ತಿತ್ತು, ಕೂದಲು ಕೆದರುತ್ತಿತ್ತು. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಆಗ ನಮಗೆ ಹೊಳೆಯಿತು, ನಿಲ್ಲಿಸುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಎಡಗಾಲು ಒತ್ತ ಅಕ್ಕಾ! ಎಡಗಾಲು!" ಯಾಕೂಬಸಾಬ ಪಕ್ಕದಲ್ಲಿ ಓಡುತ್ತಿದ್ದ.

"ಯಾವುದೋ ಎಡಗಾಲು?"

"ಊಟ ಮಾಡೋ ಕೈ ಅಲ್ಲ, ಇನ್ನೊಂದ ಕಡೀದು!"

ಮಷೀನು ಬಸಯ್ಯನವರು ಮಕ್ಕಳಂತೆ ಸಾಕಿದ್ದ ಚೆಂಡುಹೂವಿನ ಪಾತಿಯನ್ನು ಉದ್ದಕ್ಕೂ ಹಾದುಹೋಯಿತು. ಹಳದಿ ಎಸಳು ಅಕ್ಷತೆಯ ಹಾಗೆ ಮೇಲಕ್ಕೆ ಚಿಮ್ಮಿತು. ಕೊನೆಗೆ ಗೆಸ್ಟ್ ಹೌಸಿನ ಮೆಟ್ಟಿಲಿಗೆ ಮೂತಿ ತಾಗುವ ಮುಂಚೆ ಕೆಂಪವ್ವನ ಕಾಲಿಗೆ ಸರಿಯಾದ ಪೆಡಲು ಸಿಕ್ಕಿತು. ಎಲ್ಲರೂ ಓಡಿಬಂದು ನೋಡಿದರೆ ತಲೆಯ ತುಂಬ ಚೆಂಡುಹೂವಿನ ಎಸಳು ಹೊತ್ತುಕೊಂಡು ಅವಳು ಕೂತೇ ಇದ್ದಳು.

"ಇನ್ನೊಂದ ಸುತ್ತ ಹೊಡೀಲೇನ್ರಿ?" ಎಂದಳು.

ಅವತ್ತು ಮಧ್ಯಾಹ್ನ ತೋಟದ ಸಮಿತಿ ಗೆಸ್ಟ್ ಹೌಸಿನ ಪಡಸಾಲೆಯಲ್ಲೇ ಸೇರಿತು. ನಾವು ಹೆಂಗಸರು ಕಿಟಕಿಯ ಹೊರಗೆ. ಪೆಟ್ರೋಲು ತುಟ್ಟಿಯಾದ ವರ್ಷ, ಹುಲ್ಲಿಗೆ ಸುಡುವುದೇ ಎಂದು ಒಬ್ಬರು. ಬಿಡಿಭಾಗ ಮುರಿದರೆ ಯಾವ ದೇಶಕ್ಕೆ ಹೋಗೋಣ ಎಂದು ಇನ್ನೊಬ್ಬರು. ಎಂಜಿನ್ನಿನ ಪಟ್ಟಾ ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಬ್ಲೇಡನ್ನು ಬೇಕಾದರೆ ತಾನೇ ಕಮ್ಮಾರನಲ್ಲಿ ಬಡಿಸಿ ತರುತ್ತೇನೆ ಎಂದು ಯಾಕೂಬಸಾಬ. ಬಸಯ್ಯನವರು ಎದ್ದು ನಿಂತು, ಒಬ್ಬ ಬಡ ಹೆಣ್ಣುಮಗಳ ಅನ್ನದ ಪ್ರಶ್ನೆ ಇದು ಎಂದು ಭಾರವಾದ ದನಿಯಲ್ಲಿ ಶುರು ಮಾಡಿದರು. ಚೇರಮನ್ನರು ತಡೆದರು. "ಆಕೀನ್ನ ಕೇಳೂಣಲ್ಲ. ಕೆಂಪವ್ವಾ, ಒಳಗ ಬಾರವಾ."

ಕೆಂಪವ್ವ ಬಾಗಿಲಲ್ಲಿ ನಿಂತಳು.

"ತಗೋಬೇಕೋ, ಬ್ಯಾಡೋ? ನೀ ಏನಂತಿ?"

"ತಗೋರಿ ಸಾಹೇಬ್ರ," ಎಂದಳು ಕೆಂಪವ್ವ. "ಆದ್ರ ಹೊಡಿಯಾಕಿ ನಾನು."

ಬಸಯ್ಯನವರು ಗಕ್ಕನೆ ಅವಳ ಕಡೆ ತಿರುಗಿದರು. "ಕೆಂಪವ್ವಾ! ಹಂಡ್ಯಾನ್ನ ಕೈ ಬಿಡತಿ? ಇಷ್ಟ ವರ್ಷ ಅದರ ಜೋಡಿ..."

"ಅಯ್ಯಾರ, ಸಿಟ್ಟ ಆಗಬ್ಯಾಡ್ರಿ," ಎಂದಳು ಅವಳು. "ನಾ ಸಣ್ಣಾಕಿದ್ದಾಗ ಆಡಿನ ಹಿಂದ ನಡದ್ನಿ. ಲಗ್ನಾದ ಮ್ಯಾಲ ಕೂರಿಗಿ ಹಿಂದ ನಡದ್ನಿ. ಗಂಡ ಹ್ವಾದ ಮ್ಯಾಲ ಹಂಡ್ಯಾನ ಹಿಂದ. ಹುಟ್ಟಿದಾಗಿಂದ ಯಾವುದರದರೆ ಬಾಲ ನೋಡಕೋತನ ನಡದೇನಿ. ಇವತ್ತ ಮುಂದ ಏನೂ ಇರಲಿಲ್ಲ ನೋಡ್ರಿ, ಬರೇ ಹುಲ್ಲು, ಗಾಳಿ. ನನಗ ಭಾಳ ಚಲೋ ಅನಿಸ್ತು."

ಆಮೇಲೆ ಒಬ್ಬ ಸದಸ್ಯರು, ಸೀರೆ ಉಟ್ಟವರು ಇಂಥದನ್ನು ಓಡಿಸುವುದು ಅಪಾಯ, ಸೆರಗು ಸಿಕ್ಕರೆ ಗತಿಯೇನು ಎಂದರು. "ನಾಳಿಂದ ಕಚ್ಚಿ ಹಾಕ್ತೇನ್ರಿ," ಎಂದಳು ಕೆಂಪವ್ವ. "ಕಚ್ಚಿ ಹಾಕಿ ಭತ್ತ ಹಚ್ಚೇನಿ, ಗಿಡ ಏರೇನಿ. ಇದೇನ ದೊಡ್ಡದು." ಚೇರಮನ್ನರು ಮೇಜು ಬಡಿದು ಹೇಳಿದರು, ವಾರ ಪೂರ್ತಿ ಅವಳೇ ಓಡಿಸಲಿ, ವಾರದ ಕೊನೆಗೆ ಬರುವ ರೈತ ಸದಸ್ಯರ ಸರ್ವಸಾಧಾರಣ ಸಭೆಯ ದಿನ ಕೊಳ್ಳುವುದೋ ಬಿಡುವುದೋ ನಿರ್ಧಾರ ಮಾಡೋಣ.

ಆ ವಾರ ನಮ್ಮ ಕಾಲೊನಿಯಲ್ಲಿ ಅಡುಗೆ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಎಲ್ಲ ಹೆಂಗಸರೂ ಕಟ್ಟೆಯ ಮೇಲೆ. ಕೆಂಪವ್ವ ಕಚ್ಚೆ ಹಾಕಿ, ತಲೆಗೆ ಪಟಗದಂತೆ ಒಂದು ಟವೆಲ್ಲು ಸುತ್ತಿ ಕೂರುವಳು. ಯಾಕೂಬಸಾಬ ಜೊತೆಗೆ ನಡೆಯುತ್ತ ಕಲಿಸುವನು. ಒಳ್ಳೆಯ ಗುರು ಅವನು, ಆದರೆ ಬಲು ಬೇಗ ಗಾಬರಿಯಾಗುವವನು. "ಯಾ ಅಲ್ಲಾ" ಎಂದು ಅವನು, "ಎಲ್ಲವ್ವ ತಾಯಿ" ಎಂದು ಅವಳು, ಇಬ್ಬರೂ ಸೇರಿ ಆ ಮಷೀನನ್ನು ತಿರುವುಗಳಲ್ಲಿ ದಾಟಿಸುತ್ತಿದ್ದರು. ಎರಡೇ ದಿನಕ್ಕೆ ಗೆರೆ ನೆಟ್ಟಗೆ ಬೀಳತೊಡಗಿತು.

ಅಡ್ಡಿ ಬಂದದ್ದು ಮನೆಯಿಂದ. ಪದ್ಮವ್ವ ಒಂದು ಮುಂಜಾನೆ ಬುಟ್ಟಿ ಹಿಡಿದು ನೆಟ್ಟಗೆ ಹುಲ್ಲುಹಾಸಿನ ನಡುವೆಯೇ ಬಂದು ನಿಂತಳು.

"ಅತ್ತೀ, ಇಳೀರಿ ಕೆಳಗ. ಊರ ಮಂದಿ ಏನ ಅನ್ನಾಕ ಹತ್ಯಾರ ಗೊತ್ತೇನ? ಕೆಂಪವ್ವ ಮುದುಕಿ ಆಗೂ ಹೊತ್ತಿನಾಗ ಮೋಟಾರ ಹೊಡಿಯಾಕ ಹತ್ಯಾಳ ಅಂತ."

"ಖರೇನ ಅಂದಾರಲ್ಲ," ಎಂದಳು ಕೆಂಪವ್ವ.

"ಮತ್ತ ಎಮ್ಮಿ? ಈ ಮಷೀನು ಹುಲ್ಲ ಕಡದು ಕಡದು ಪುಡಿ ಮಾಡಿ ಚೆಲ್ಲತೈತಿ. ಪೆಟ್ರೋಲ ನಾರೂ ಹುಲ್ಲ ಯಾವ ಎಮ್ಮಿ ತಿಂತೈತಿ?"

ಇದು ಖರೆಯ ಪ್ರಶ್ನೆ. ಕೆಂಪವ್ವ ಎಂಜಿನ್ನು ಬಂದ್ ಮಾಡಿದಳು. ಕಸಬರಿಗೆ ತಂದು ಇಬ್ಬರೂ ಹುಲ್ಲು ಗುಡಿಸಿ ಬುಟ್ಟಿ ತುಂಬಿದರು. ಪದ್ಮವ್ವ ಮೂಗು ಮುಚ್ಚಿಕೊಂಡೇ ಹೊತ್ತುಕೊಂಡು ಹೋದಳು. ಸಂಜೆ ಹಾಲಿನ ಗಿಂಡಿ ಹಿಡಿದು ನಮ್ಮ ಮನೆಗೆ ಬಂದಾಗ ಮುಖ ಸಣ್ಣದಾಗಿತ್ತು.

"ಏನ ಆತು ಪದ್ಮವ್ವಾ? ತಿಂತೋ ಇಲ್ಲೋ?" ಎಂದೆ.

"ತಿಂತ್ರಿ," ಎಂದಳು ಬೇಸರದಿಂದ. "ಬುಟ್ಟಿ ಸುದ್ದಾ ನೆಕ್ಕೇತಿ."

ಮರುದಿನ ಜೋರು ಮಳೆ. ಮಳೆ ನಿಂತ ಮೇಲೆ ಕೆಂಪವ್ವನಿಗೆ ತಡೆಯಲಾಗಲಿಲ್ಲ. ಹುಲ್ಲು ಹಸಿಯಿದೆ, ಬೇಡ ಎಂದರೂ ಕೇಳದೆ ಹತ್ತಿದಳು. ತಗ್ಗಿನ ಮೂಲೆಯಲ್ಲಿ ಮಷೀನಿನ ಗಾಲಿ ಎರೆಮಣ್ಣಿಗೆ ಸಿಕ್ಕಿ ಹೂತುಹೋಯಿತು. ಯಾಕೂಬಸಾಬ ದೂಡಿದ, ತೋಟದ ಆಳುಗಳು ದೂಡಿದರು. ಅದು ಇನ್ನಷ್ಟು ಒಳಗೆ ಹೋಯಿತು. ಬಸಯ್ಯನವರು ಹೋಗಿ ಹಂಡ್ಯಾನನ್ನು ಬಿಚ್ಚಿ ಕರೆದುಕೊಂಡು ಬಂದರು. ಬೂಟು ಇಲ್ಲದ ಕಾಲಿನಲ್ಲಿ ಹಂಡ್ಯಾ ಕೆಸರಿಗೆ ಗೊರಸು ಊರಿ, ಕತ್ತು ಬಗ್ಗಿಸಿ ಒಮ್ಮೆ ಜಗ್ಗಿದ. ಮಷೀನು ಪಚಕ್ಕೆಂದು ಮೇಲೆ ಬಂತು.

"ಈಗೇನಂತಿ?" ಎಂದರು ಬಸಯ್ಯನವರು, ಗೆಲುವನ್ನು ಮುಚ್ಚಿಡಲಾರದೆ.

ಕೆಂಪವ್ವ ಹಂಡ್ಯಾನ ಕಾಲಿನ ಕೆಸರು ತೊಳೆದು ನಮ್ಮ ಕಟ್ಟೆಗೆ ಬಂದು ಕೂತಳು. ಅವತ್ತು ಮೊದಲ ಸಲ ಅವಳ ಮುಖ ಬಾಡಿದ್ದು ಕಂಡೆ.

"ಅಕ್ಕಾರ, ಮಷೀನ ಬಂದ್ರ ಇಂವನ್ನ ಏನ ಮಾಡತಾರ? ಯರಗಟ್ಟಿ ದನದ ಸಂತಿಗೆ ಹೊಡದ್ರ? ವಯಸ್ಸಾದ ಎತ್ತ ಯಾರ ತಗೋತಾರ, ಯಾತಕ್ಕ ತಗೋತಾರ ನನಗ ಗೊತ್ತೈತಿ. ನಾ ಬರೇ ನನ್ನ ಮೋಜ ನೋಡಿದ್ನೇನೋ."

"ಹಂಗಾರ ಬ್ಯಾಡ ಅನ್ನತೀಯೇನ ಕೆಂಪವ್ವಾ?"

ಬೇಡವೆನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಬೇಕೆನ್ನಲು ಮನಸ್ಸು ಒಪ್ಪುತ್ತಿರಲಿಲ್ಲ. ಎದುರಿಗೆ ತೋಟದ ಆಳುಗಳು ಹೊಸ ಸಸಿಗಳ ಸಾಲಿಗೆ ಹೋಗುತ್ತಿದ್ದರು. ಗೇಟಿನಿಂದ ದೊಡ್ಡ ರಸ್ತೆಯವರೆಗೆ ಬಸಯ್ಯನವರು ಆ ವರ್ಷ ಗಿಡ ನೆಡಿಸಿದ್ದರು. ಮಳೆ ಇಲ್ಲದ ದಿನ ಅವಕ್ಕೆ ಕೊಡದಲ್ಲಿ ನೀರು ಹೊತ್ತು ಹೊತ್ತು ಆಳುಗಳ ಹೆಗಲು ಸೋಲುತ್ತಿತ್ತು. ಕೆಂಪವ್ವ ಆ ಕಡೆಗೇ ನೋಡುತ್ತ ಕೂತಿದ್ದಳು. ಒಮ್ಮೆಲೇ ಎದ್ದು, ಚಹಾದ ಬಟ್ಟಲನ್ನು ಹಾಗೇ ಬಿಟ್ಟು, ಬಸಯ್ಯನವರನ್ನು ಹುಡುಕಿಕೊಂಡು ಓಡಿದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಬಸಯ್ಯನವರು ಮೊದಲು ತಲೆ ಅಲ್ಲಾಡಿಸಿದರು, ಆಮೇಲೆ ಗಡ್ಡ ಕೆರೆದುಕೊಂಡರು, ಆಮೇಲೆ ಇಬ್ಬರೂ ಸೇರಿ ಹಳೆಯ ಸಾಮಾನಿನ ಶೆಡ್ಡಿಗೆ ಹೋದರು. ಹೊತ್ತು ಮುಳುಗುವಾಗ ಅಲ್ಲಿಂದ ಒಂದು ಎಣ್ಣೆಯ ಬ್ಯಾರಲ್ಲನ್ನು ಉರುಳಿಸಿಕೊಂಡು ಹೊರಗೆ ಬಂದರು.

ಸಭೆಯ ದಿನ ಹುಲ್ಲುಹಾಸಿನ ಒಂದು ಬದಿಗೆ ಮಂಟಪ. ಬೈಲಹೊಂಗಲ, ಸಂಪಗಾಂವ, ಕಿತ್ತೂರು ಕಡೆಯಿಂದ ಕಬ್ಬಿನ ರೈತರು ಚಕ್ಕಡಿ, ಟ್ರ್ಯಾಕ್ಟರು, ಬಸ್ಸು ಏರಿ ಬಂದಿದ್ದರು. ಕಬ್ಬಿನ ಮಾತೆಲ್ಲ ಮುಗಿದ ಮೇಲೆ ಚೇರಮನ್ನರು ಮಷೀನಿನ ವಿಷಯ ಎತ್ತಿದರು. ಹಿಂದಿನಿಂದ ಒಬ್ಬ ಮುದುಕ ಎದ್ದ. ಸಂಪಗಾಂವದ ಮುದಕಪ್ಪ, ಮಾತಿಗೆ ಹೆದರುವ ಆಸಾಮಿಯಲ್ಲ.

"ಹುಲ್ಲ ಕಡಿಯಾಕ ಮೋಟಾರ ಯಾಕ ಬೇಕರಿ? ನಾಕ ಆಡ ಬಿಟ್ರ ಬಗೀಹರೀತೈತಿ."

ನಗೆಯೋ ನಗೆ. ಚೇರಮನ್ನರೂ ನಕ್ಕು, "ನೋಡಿ ಮಾತಾಡ್ರಿ," ಎಂದು ಕೆಂಪವ್ವನಿಗೆ ಸನ್ನೆ ಮಾಡಿದರು.

ಅವಳು ಅಂದು ಹಸಿರು ಇಳಕಲ್ ಸೀರೆಗೆ ಕಚ್ಚೆ ಹಾಕಿದ್ದಳು. ತಾನೇ ಹಗ್ಗ ಜಗ್ಗಿದಳು, ತಾನೇ ಹತ್ತಿದಳು. ಅಷ್ಟು ಮಂದಿಯ ಮುಂದೆ ಗೆರೆ ಕೊರೆದಂತೆ ನೆಟ್ಟಗೆ ಹೋಗಿ, ಕಂಬ ಸುತ್ತಿ, ಚೆಂಡುಹೂವಿನ ಪಾತಿಯಲ್ಲಿ ಉಳಿದಿದ್ದ ಗಿಡಗಳ ಅಂಚಿನಲ್ಲಿ ಒಂದು ಎಸಳೂ ಉದುರದಂತೆ ತಿರುಗಿಸಿಕೊಂಡು ಬಂದಳು. ಅಷ್ಟರಲ್ಲಿ ಗೇಟಿನ ಕಡೆ ಇನ್ನೊಂದು ಮೆರವಣಿಗೆ. ಹಂಡ್ಯಾ ಆ ಎಣ್ಣೆಯ ಬ್ಯಾರಲ್ಲಿನಿಂದ ಮಾಡಿದ ಹೊಸ ನೀರಿನ ಗಾಡಿ ಎಳೆದು ಸಸಿಗಳ ಸಾಲಿನಲ್ಲಿ ಬರುತ್ತಿದ್ದ, ಪಕ್ಕದಲ್ಲಿ ಕೊಳವೆ ಹಿಡಿದ ಬಸಯ್ಯನವರು. ಆ ಗಾಡಿಗೆ ಚಕ್ರ ಹೊಂದಿಸಿಕೊಟ್ಟವನು ಯಾಕೂಬಸಾಬ. ಎತ್ತು ಇಟ್ಟುಕೊಳ್ಳಬೇಕು, ನೀರಿಗೆ ಹೂಡಬೇಕು, ಹಾಗಾದರೆ ಮಾತ್ರ ಮಷೀನು ಬೇಕು ಎಂದು ಕೆಂಪವ್ವ ಹಿಂದಿನ ದಿನವೇ ಚೇರಮನ್ನರಿಗೆ ಹೇಳಿದ್ದಳು.

ರೈತರು ಎದ್ದು ನಿಂತರು. ಸೀಟಿ, ಕೇಕೆ, ಪಟಗ ಗಾಳಿಗೆ. ಮುದಕಪ್ಪ ಮುಂದೆ ಬಂದು ಮಷೀನನ್ನು ಒಂದು ಸುತ್ತು ಹಾಕಿ ನೋಡಿದ.

"ಯಕ್ಕಾ, ಇದು ಕಬ್ಬ ಕಡೀತೈತೇನ?"

"ಇಲ್ಲಜ್ಜಾ."

"ಕಡಿಯೂ ದಿನ ಹೇಳಿ ಕಳಸು, ನಾನೂ ಬರತೇನಿ ಕಲಿಯಾಕ," ಎಂದು ಮುದುಕ ಕೈ ಎತ್ತಿದ. ಅವನನ್ನು ನೋಡಿ ಎಲ್ಲರ ಕೈಗಳೂ ಮೇಲೆ ಹೋದವು. ಮಷೀನು ಕೊಳ್ಳುವುದು ಹಾಗೆ ತೀರ್ಮಾನವಾಯಿತು.

ಮುಂದೆ ಬಹಳ ವರ್ಷ ಕೆಂಪವ್ವ ಅದನ್ನು ಓಡಿಸಿದಳು. ಹಂಡ್ಯಾ ತನ್ನ ಕೊನೆಯ ದಿನದವರೆಗೆ ಸಸಿಗಳಿಗೆ ನೀರೆಳೆದ. ನಡುವೆ ಮನಸ್ಸಾದಾಗ ನಿಂತುಬಿಡುತ್ತಿದ್ದ, ಬಸಯ್ಯನವರು ಎಂದೂ ಬಾರುಕೋಲು ಎತ್ತಲಿಲ್ಲ. ಆದರೆ ನನಗೆ ಹೆಚ್ಚು ನೆನಪಿರುವುದು ಅದೇ ವರ್ಷದ ಖಂಡೇ ಪೂಜೆ, ಮಹಾನವಮಿಯ ಆಯುಧಪೂಜೆ. ಪದ್ಮವ್ವ ಊರ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ತನ್ನ ಅತ್ತೆಯ ಮಷೀನನ್ನು ತಾನೇ ಪೂಜಿಸುವುದೆಂದು ಹಟ ಹಿಡಿದು, ಸಿಕ್ಕಲ್ಲೆಲ್ಲ ಅರಿಶಿನ, ಕುಂಕುಮ, ವಿಭೂತಿ ಬಳಿದಳು. ಹಾರ ಹಾಕಿದರು, ಕಾಯಿ ಒಡೆದರು. ಈಗ ಓಡಿಸಿ ತೋರಿಸಿರಿ ಎಂದಾಗ ಕೆಂಪವ್ವ ಹಗ್ಗ ಜಗ್ಗಿದಳು. ಇಲ್ಲ. ಮತ್ತೆ ಜಗ್ಗಿದಳು. ಸದ್ದೇ ಇಲ್ಲ. ಯಾಕೂಬಸಾಬ ಬಂದು ಬಗ್ಗಿ ನೋಡಿ, ಎಂಜಿನ್ನು ಉಸಿರಾಡುವ ಜಾಲರಿಯಿಂದ ಹಿಡಿಗಟ್ಟಲೆ ಕುಂಕುಮ ಊದಿ ಊದಿ ತೆಗೆದ. ಅವನ ಮೀಸೆ, ಗಡ್ಡ, ಬಿಳಿ ಟೋಪಿ ಎಲ್ಲ ಕೆಂಪಾಯಿತು.

"ಪದ್ಮವ್ವಾ, ಪೂಜಾ ಮಷೀನಿಗೋ, ನನಗೋ?" ಎಂದ.

ಹೆಂಗಸರು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟರು. ಕೆಂಪವ್ವ ಮತ್ತೊಮ್ಮೆ ಹಗ್ಗ ಜಗ್ಗಿದಳು. ಮಷೀನು ಒಂದು ಮುಷ್ಟಿ ಕೆಂಪು ಪುಡಿ ಸೀನಿ, ಗುಡುಗಿ ಶುರುವಾಯಿತು. ಅವಳು ಗಾದಿಯ ಮೇಲೆ ಕೂರಲಿಲ್ಲ. ಪದ್ಮವ್ವನ ರಟ್ಟೆ ಹಿಡಿದು ಎಳೆದು ಅವಳನ್ನೇ ಕೂರಿಸಿ, ಎಡಗಾಲು ಯಾವುದೆಂದು ಮೊದಲು ತೋರಿಸಿಕೊಟ್ಟಳು.